ತುಟಿ ಓದುವ ತರಗತಿ

ನಮ್ಮೂರಿನಲ್ಲಿ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಶಬ್ದ ಇರುವುದಿಲ್ಲ. ಪೇಟೆಯ ಗಡಿಯಾರ ಹನ್ನೊಂದು ಹೊಡೆಯುವಾಗ ಹತ್ತನೆಯ ಪೆಟ್ಟು ಕೇಳುತ್ತದೆ, ಹನ್ನೊಂದನೆಯದು ಕೇಳುವುದಿಲ್ಲ. ಆಮೇಲೆ ಕುಕ್ಕರಿನ ಸೀಟಿ ಇಲ್ಲ, ಬಸ್ಸಿನ ಹಾರ್ನ್ ಇಲ್ಲ, ಅಳುವ ಕೂಸಿನ ದನಿಯೂ ಇಲ್ಲ. ಬಾಣಂತಿಯರು ಆ ನಾಲ್ಕು ಗಂಟೆ ಕೂಸಿನ ಕಾಲಿಗೊಂದು ಮೆತ್ತನೆಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡು ಮಲಗುತ್ತಾರೆ. ಕಾಯಿಪಲ್ಲೆ ಮಾರುವವರು ಉದ್ದನೆಯ ಕೋಲಿಗೆ ಬಣ್ಣದ ಬಟ್ಟೆ ಕಟ್ಟಿಕೊಂಡು ಓಣಿಗೆ ಬರುತ್ತಾರೆ. ಕೆಂಪು ಕಂಡರೆ ಟೊಮೆಟೊ, ನೇರಳೆ ಕಂಡರೆ ಬದನೆಕಾಯಿ. ಮಕ್ಕಳು ಐದು ವರ್ಷಕ್ಕೆಲ್ಲ ತುಟಿ ಓದಲು ಕಲಿತಿರುತ್ತಾರೆ. ಮಧ್ಯಾಹ್ನದ ಜಗಳ ನಮ್ಮಲ್ಲಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಜಗಳ ಆಡುವವರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರಬೇಕು, ಯಾರಾದರೂ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು.

ಊರಿನ ಹಳೆಯ ಹೆಂಚಿನ ಕಾರ್ಖಾನೆಯೇ ನಮ್ಮ ವಿಶ್ವವಿದ್ಯಾಲಯ. ಅಲ್ಲಿ ಮಾಹಿತಿ ವ್ಯವಸ್ಥೆಗಳ ವಿಭಾಗದಲ್ಲಿ ನಾನು ಹನ್ನೆರಡು ವರ್ಷದಿಂದ ಅಧ್ಯಾಪಕಿ. ಆಸ್ಪತ್ರೆ, ಗ್ರಂಥಾಲಯ, ಬಸ್ ಡಿಪೋ, ಇಂಥ ಕಡೆ ಮಾಹಿತಿ ಎಲ್ಲಿಂದ ಬರುತ್ತದೆ, ಎಲ್ಲಿ ದಾರಿ ತಪ್ಪುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಹೇಗೆ ಕೂರಿಸಬೇಕು ಎಂದು ಕಲಿಸುವ ವಿಭಾಗ ಇದು. ನಮ್ಮ ಎಂಬತ್ತನಾಲ್ಕು ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದುಡಿಯುವವರು. ಬೆಳಿಗ್ಗೆ ಏಳಕ್ಕೆ ಬಂದು ಹತ್ತೂವರೆಗೆ ಪಾಠ ಮುಗಿಸಿಕೊಂಡು ಹೋಗುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು.

ಎರಡು ವರ್ಷದ ಹಿಂದೆ ಏಳು ವಿಶ್ವವಿದ್ಯಾಲಯಗಳ ಒಕ್ಕೂಟವೊಂದು ಹುಟ್ಟಿಕೊಂಡಿತು. ಇನ್ನು ಮುಂದೆ ನಮ್ಮ ವಿಷಯದ ಮುಖ್ಯ ಪಾಠವೆಲ್ಲ ರಾಜಧಾನಿಯಿಂದ ಆನ್‌ಲೈನಿನಲ್ಲಿ ಬರುತ್ತದೆ, ಏಳೂ ಊರಿಗೆ ಒಂದೇ ಸಮಯ, ಮಧ್ಯಾಹ್ನ ಹನ್ನೆರಡು ಎಂದು ಆದೇಶವಾಯಿತು. ಹಾಜರಿ ಬಾಯಿಂದಲೇ ಆಗಬೇಕು. ಟೈಪ್ ಮಾಡಿ ಮಾಯವಾಗುವವರ ಕಾಟಕ್ಕೆ ಬರೆಯುವ ಜಾಗವನ್ನೇ ಮುಚ್ಚಿಬಿಟ್ಟಿದ್ದರು. ಮುಕ್ಕಾಲು ಪಾಲು ಹಾಜರಿ ಇದ್ದವರಿಗೆ ಮಾತ್ರ ಪಾಠದ ರೆಕಾರ್ಡಿಂಗ್ ಸಿಗುತ್ತಿತ್ತು.

ನಮ್ಮವರು ಹೆಸರು ಕೂಗಿದಾಗಲೆಲ್ಲ ಬಾಯಿತುಂಬ ಓಗೊಟ್ಟರು. ಯಾರಿಗೂ ಕೇಳಲಿಲ್ಲ. ಎಂಬತ್ತನಾಲ್ಕು ಜನರೂ ಗೈರು. ಪರದೆಯ ಕೆಳಗೆ ಮಾತನ್ನು ಅಕ್ಷರವಾಗಿ ತೋರಿಸುವ ಸವಲತ್ತು ಇತ್ತು. ಅದು "ದತ್ತಾಂಶ ಸಂಗ್ರಹ" ಎಂಬುದನ್ನು ಇಡೀ ವರ್ಷ "ದತ್ತಣ್ಣನ ಸಂಘ" ಎಂದು ಬರೆಯಿತು. ಇಪ್ಪತ್ತು ಜನ ಬಸ್ಸು ಹಿಡಿದು ಗುಡ್ಡದ ಆಚೆಗೆ ಹೋದರು. ಅಲ್ಲಿ ಶಬ್ದವಿತ್ತು, ನೆಟ್‌ವರ್ಕ್ ಇರಲಿಲ್ಲ. ನಾನು ಒಕ್ಕೂಟಕ್ಕೆ ಪತ್ರದ ಮೇಲೆ ಪತ್ರ ಬರೆದೆ. ಉತ್ತರವಾಗಿ ಎಂಬತ್ತು ಮೈಕುಗಳು ಪಾರ್ಸೆಲ್ಲಿನಲ್ಲಿ ಬಂದವು.

ಎರಡನೆಯ ಸಲವೂ ಅರವತ್ತೊಂದು ಜನ ಫೇಲಾದಾಗ ಒಕ್ಕೂಟದಿಂದ ಕಾಗದ ಬಂತು. ಈ ಊರಿನ ವಿದ್ಯಾರ್ಥಿಗಳಿಗೆ ಕಲಿಕೆಯಲ್ಲಿ ಆಸಕ್ತಿ ಕಂಡುಬರುತ್ತಿಲ್ಲ, ವರ್ಷದ ಕೊನೆಗೆ ವಿಭಾಗವನ್ನು ಮುಚ್ಚಲಾಗುವುದು ಎಂದಿತ್ತು. ಮುಚ್ಚುವ ಮಾತಿಗಿಂತ ಆಸಕ್ತಿಯ ಮಾತು ನನ್ನನ್ನು ಹೆಚ್ಚು ಚುಚ್ಚಿತು. ನಾನು ಆಗ ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದೆ. ನಮ್ಮೂರಿನ ಮೌನವನ್ನು ಸಾಬೀತು ಮಾಡಲು ಹೊರಟರೆ ಇನ್ನೂ ಎಂಬತ್ತು ಮೈಕು ಬರುತ್ತವೆ, ಅಷ್ಟೇ. ಅದಕ್ಕೇ ಬೇರೆ ಪ್ರಶ್ನೆ ಹಿಡಿದೆ. ಹನ್ನೆರಡು ಗಂಟೆಗೆ ಆ ಪರದೆಯ ಮುಂದೆ ಕೂತ ನಮ್ಮವರು ನಿಜವಾಗಿ ಏನು ಮಾಡುತ್ತಾರೆ? ಕಲಿಯುತ್ತಾರೋ ಇಲ್ಲವೋ? ಕಲಿತರೆ ಹೇಗೆ? ನೋಟ್‌ಬುಕ್ ಹಿಡಿದು ಮನೆಮನೆಗೆ ಹೊರಟೆ.

ಹೆಚ್ಚಿನವರು ಒಬ್ಬೊಬ್ಬರೇ ಕೂತು ಪರದೆ ದಿಟ್ಟಿಸಿ ಬೇಸತ್ತು ಏಳುತ್ತಿದ್ದರು. ನಾಲ್ಕನೆಯ ದಿನ ಜೈತುನಬಿಯವರ ಮನೆಗೆ ಹೋದೆ. ಅವರಿಗೆ ನಲವತ್ತೊಂದು ವರ್ಷ, ಊರಿನ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ, ಎರಡು ಸಲ ಫೇಲಾಗಿದ್ದರು. ನನಗಿಂತ ಐದು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ.

"ಲಗೂನ ಒಳಗ ಬರ್ರಿ ಲೀಲಾ ಮೇಡಂ, ಹನ್ನೊಂದಕ್ಕ ಹತ್ತು ನಿಮಿಷ ಐತಿ. ಏನರ ಹೇಳೂದಿದ್ರ ಈಗ ಹೇಳಿಬಿಡ್ರಿ," ಎಂದರು.

"ಹೇಳಾಕ ಬಂದಿಲ್ಲ ಜೈತುನಕ್ಕ, ನೋಡಾಕ ಬಂದೀನಿ."

"ಏನ್ ನೋಡ್ತೀರಿ? ನಾವು ಫೇಲ್ ಆಗೂದನ್ನ?" ನಕ್ಕರು. ಆದರೆ ಕಣ್ಣು ನಗಲಿಲ್ಲ.

ಅವರ ಗಂಡ ದರ್ಜಿ. ಒಳಗಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಕಪ್ಪು ಮೇಜು ಇತ್ತು. ಅದರ ಸುತ್ತ ಹನ್ನೊಂದು ಜನ ವಿದ್ಯಾರ್ಥಿಗಳು ಕೂತಿದ್ದರು. ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರು. ಹನ್ನೆರಡಕ್ಕೆ ಪಾಠ ಶುರುವಾಯಿತು. ರಾಜಧಾನಿಯ ಪ್ರೊಫೆಸರು ರಘೋತ್ತಮ ರಾವ್ ಪರದೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಿದ್ದರು, ಅದೂ ಹಣೆ ಮತ್ತು ಕನ್ನಡಕ ಮಾತ್ರ. ಬಾಯಿ ಚೌಕಟ್ಟಿನ ಹೊರಗಿತ್ತು. ನೀರು ಕುಡಿಯಲು ಬಾಗಿದಾಗ ಮಾತ್ರ ಅವರ ತುಟಿ ಒಂದು ಕ್ಷಣ ಕಾಣುತ್ತಿತ್ತು. ಆ ಕ್ಷಣಕ್ಕೆ ಹನ್ನೊಂದು ತಲೆಗಳು ಒಟ್ಟಿಗೆ ಮುಂದಕ್ಕೆ ಬಾಗುತ್ತಿದ್ದವು.

ಆಮೇಲೆ ನಡೆದದ್ದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಜೈತುನಬಿ ದರ್ಜಿಯ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಒಂದು ಪ್ರಶ್ನೆ ಬರೆದರು. ಬಸ್ ಡಿಪೋದ ಈರಪಾಕ್ಷಿ ಅದರ ಕೆಳಗೆ ತನಗೆ ತಿಳಿದ ಉತ್ತರ ಬರೆದ. ಎದುರಿಗಿದ್ದ ಹುಡುಗಿ ತಲೆಯಲ್ಲಾಡಿಸಿ ಅದರ ಅರ್ಧವನ್ನು ಗೀಚಿ ಹಾಕಿ ತನ್ನದನ್ನು ಸೇರಿಸಿದಳು. ಇನ್ನೊಬ್ಬ ಎದ್ದು ಬಂದು ಅದಕ್ಕೊಂದು ಚಿತ್ರ ಬರೆದ. ಮೂರು ಗಂಟೆಯ ಹೊತ್ತಿಗೆ ಆ ಮೇಜಿನಲ್ಲಿ ಅಂಗೈಯಷ್ಟು ಜಾಗ ಉಳಿದಿರಲಿಲ್ಲ. ನಾನು ಕುರ್ಚಿಯ ಮೇಲೆ ಹತ್ತಿ ಅದರ ಫೋಟೋ ತೆಗೆದುಕೊಂಡೆ. ಹಾಗೆ ದಿನಕ್ಕೊಂದರಂತೆ ಮುಂದೆ ಮೂವತ್ತು ಫೋಟೋ ತೆಗೆದೆ. ಅವೇ ನನ್ನ ಸಂಶೋಧನೆಯ ಬೆನ್ನೆಲುಬು. ಎಣಿಸಿ ನೋಡಿದರೆ ಒಂದೊಂದು ಪ್ರಶ್ನೆಗೆ ಸುಮಾರು ನಾಲ್ಕು ಜನರ ಕೈ ಬಿದ್ದಿತ್ತು.

ಆ ಮೇಜನ್ನು ಮೊದಲ ಸಲ ನೋಡಿದ ಮರುದಿನ ಬೆಳಿಗ್ಗೆ ಎಂಟಕ್ಕೆ ರಘೋತ್ತಮ ರಾವ್ ಅವರಿಗೆ ಫೋನ್ ಮಾಡಿದೆ. ಹೆಸರು, ಊರು ಹೇಳಿದ ಕೂಡಲೇ ಅವರ ದನಿ ಗಡುಸಾಯಿತು.

"ನೋಡಿ ಮೇಡಂ, ನಿಮ್ಮಲ್ಲಿ ಎಂಬತ್ನಾಲ್ಕು ಜನ. ಹೆಸರು ಕೂಗಿದ್ರೆ ಒಬ್ಬರೂ ಓ ಅನ್ನಲ್ಲ. ನಾನೇನು ಮಾಡ್ಲಿ?"

"ಅಂತಾರೆ ಸರ್. ನಿಮಗೆ ಕೇಳಲ್ಲ."

"ಮೈಕ್ ಕಳಿಸಿದ್ರಲ್ಲ?"

"ಅದು ಬಿಡಿ ಸರ್. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪಾಠ ಮಾಡುವಾಗ ನಿಮ್ಮ ಬಾಯಿ ಯಾಕೆ ಕಾಣಲ್ಲ?"

"ಯಾರು ನೋಡ್ತಾರೆ ಮೇಡಂ?" ಎಂದರು. ದನಿ ಬದಲಾಗಿತ್ತು. "ನಾಲ್ಕು ವರ್ಷದಿಂದ ಕಪ್ಪು ಚೌಕಗಳಿಗೆ ಪಾಠ ಮಾಡ್ತಿದೀನಿ. ಇಲ್ಲಿನ ಹುಡುಗರು ಹಾಜರಿ ಹೇಳಿ ಕ್ಯಾಮೆರಾ ಮುಚ್ತಾರೆ. ಒಂದಿನ ಪಾಠ ಮುಗಿದು ಇಪ್ಪತ್ತು ನಿಮಿಷ ಆದ್ರೂ ನಲವತ್ತು ಜನ ಲಾಗಿನ್‌ನಲ್ಲೇ ಇದ್ರು. ನಿಜವಾಗಿ ಒಬ್ಬರೂ ಇರಲಿಲ್ಲ. ಅವತ್ತಿಂದ ಕ್ಯಾಮೆರಾ ಎಲ್ಲಿ ತಿರುಗಿದೆ ಅಂತ ನಾನೂ ನೋಡೋದು ಬಿಟ್ಟೆ."

"ನಮ್ಮವರು ಯಾರೂ ಕ್ಯಾಮೆರಾ ಮುಚ್ಚಲ್ಲ ಸರ್. ನಮ್ಮೂರಲ್ಲಿ ಮುಖ ಮುಚ್ಚಿದ್ರೆ ಮಾತೇ ಇಲ್ಲ. ನಿಮ್ಮ ಪರದೆಯಲ್ಲಿ ನಾವು ಎರಡನೇ ಪುಟದಲ್ಲಿರ್ತೀವಿ. ಬಲಗಡೆ ಬಾಣದ ಗುರುತಿದೆ, ಇವತ್ತು ಅದನ್ನ ಒಂದ್ಸಲ ಒತ್ತಿ ನೋಡಿ."

ಅಂದು ಹನ್ನೆರಡಕ್ಕೆ ನಾನು ಜೈತುನಬಿಯವರ ಮೇಜಿನ ಬಳಿಯೇ ಇದ್ದೆ. ಪರದೆಯಲ್ಲಿ ಹಣೆ, ಕನ್ನಡಕ. ಆಮೇಲೆ ಅವರ ಕೈ ಮುಂದಕ್ಕೆ ಬಂದದ್ದು ಕಂಡಿತು. ಕಣ್ಣು ಪರದೆಯ ಮೇಲೆ ನಿಂತವು. ಅಲ್ಲಿ ಊರಿನ ಎಷ್ಟೋ ಮನೆಗಳಿಂದ ನಮ್ಮವರ ಮುಖಗಳು ರೆಪ್ಪೆ ಮಿಟುಕಿಸದೆ ಅವರನ್ನೇ ನೋಡುತ್ತಿದ್ದವು. ಅವರು ಕನ್ನಡಕ ತೆಗೆದರು, ಕ್ಯಾಮೆರಾವನ್ನು ಕೆಳಕ್ಕೆ ಸರಿಸಿದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಿ ಪೂರ್ತಿಯಾಗಿ ಕಂಡಿತು. ನಮ್ಮವರು ಓದಿದ ಮೊದಲ ಮಾತು, "ಇಷ್ಟು ಜನ ಇದ್ದೀರಾ?"

ಆರು ವಾರ ಅವರು ಮುಖಕ್ಕೆ ಬೆಳಕು ಬೀಳುವಂತೆ ಕೂತು, ಒಂದೊಂದು ಮಾತನ್ನೂ ಬಿಡಿಸಿ ಪಾಠ ಮಾಡಿದರು. ಜೈತುನಬಿಯವರ ಮೇಜನ್ನು ನೋಡಿ ಊರಿನಲ್ಲಿ ಇನ್ನೂ ಮೂರು ಮೇಜುಗಳು ಶುರುವಾದವು. ಸೀಮೆಸುಣ್ಣದ ಬದಲು ಒಂದು ಕಡೆ ಇದ್ದಿಲು, ಒಂದು ಕಡೆ ಅಕ್ಕಿಹಿಟ್ಟು. ಎಲ್ಲರೂ ಮೇಜಿಗೆ ಬರಲಿಲ್ಲ, ಕೆಲವರು ಮನೆಯಲ್ಲಿ ಒಬ್ಬರೇ ಕಲಿಯುವುದೇ ಒಳ್ಳೆಯದೆಂದರು. ಬರಲೇಬೇಕೆಂದು ನಾನು ಒತ್ತಾಯಿಸಲಿಲ್ಲ. ಹೋಲಿಸಿ ನೋಡಲು ಅವರೂ ಬೇಕಾಗಿತ್ತು. ಪ್ರತಿದಿನ ಪಾಠ ಮುಗಿದ ಮೇಲೆ ರಘೋತ್ತಮ ರಾವ್ ಅರ್ಧ ಗಂಟೆ ಹೆಚ್ಚಿಗೆ ಉಳಿಯುತ್ತಿದ್ದರು. ಆಗ ಜೈತುನಬಿ ತುಟಿಯಲ್ಲಿ ಒಂದು ಮಾತು ಹೇಳಿ, ಅದನ್ನೇ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಮೊದಲ ವಾರ ಅವರು "ಹಾಲು" ಎಂದರೆ ಪ್ರೊಫೆಸರು "ಕಾಲು" ಎಂದುಕೊಳ್ಳುತ್ತಿದ್ದರು. ಮೇಜಿನವರೆಲ್ಲ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದರು. ಐವತ್ತೈದು ದಾಟಿದ ಮನುಷ್ಯ ಪೆನ್ಸಿಲ್ ಹಿಡಿದು ಮಗುವಿನಂತೆ ಮತ್ತೆ ಮತ್ತೆ ಕೇಳುತ್ತಿದ್ದರು.

ಪಾಠ ಮುಗಿದು ನಾಲ್ಕು ವಾರ ಬಿಟ್ಟು ಇಪ್ಪತ್ತು ಪ್ರಶ್ನೆಗಳ ಒಂದು ಪರೀಕ್ಷೆ ಇಟ್ಟೆ, ಓದಿಕೊಳ್ಳಲು ಮುಂಚೆ ತಿಳಿಸದೆ. ಅದೇ ಪ್ರಶ್ನೆಗಳು ರಾಜಧಾನಿಯ ವಿದ್ಯಾರ್ಥಿಗಳಿಗೂ. ನಾನು ಈ ಊರಿನವಳು, ಪಕ್ಷಪಾತವೆಂಬ ಮಾತು ಬರಬಾರದು. ಹಾಗಾಗಿ ಹೆಸರು ಊರು ಮರೆಮಾಡಿ, ಬರೀ ನಂಬರು ಹಾಕಿ, ಉತ್ತರಗಳನ್ನು ಟೈಪ್ ಮಾಡಿಸಿ ರಘೋತ್ತಮ ರಾವ್ ಅವರಿಗೆ ಕಳಿಸಿದೆ. ನಿಜ ಹೇಳುತ್ತೇನೆ, ಆ ಒಂದು ವಾರವಿಡೀ ನಮ್ಮವರು ರಾಜಧಾನಿಯವರಿಗಿಂತ ಸ್ವಲ್ಪ ಕಡಿಮೆ ಬಂದರೂ ಸಾಕು ಎಂದು ನನ್ನ ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು.

ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂತು. "ಮೇಡಂ, ಕೂತಿದ್ದೀರಾ?"

"ಹೇಳಿ ಸರ್."

"ಅಂಕ ಹಾಕಿ ಮುಗಿಸಿ, ನೀವು ಕೊಟ್ಟ ಲಕೋಟೆ ಒಡೆದು ನಂಬರು ಬಿಡಿಸಿ ನೋಡಿದೆ. ನನ್ನ ಹುಡುಗರ ಸರಾಸರಿ ಒಂಬತ್ತು. ನಿಮ್ಮೂರಲ್ಲಿ ಒಬ್ಬೊಬ್ಬರೇ ಕೂತವರದು ಎಂಟು. ಮೇಜಿನವರದು..." ಅವರು ಉಸಿರೆಳೆದುಕೊಂಡದ್ದು ಕೇಳಿಸಿತು, "ಹದಿನಾಲ್ಕು."

ನಾನು ಎರಡು ಸಲ ಕೇಳಿ ಬರೆದುಕೊಂಡೆ. ನಮ್ಮವರು ಜಾಣರೆಂದಲ್ಲ, ಮೌನದಲ್ಲೇ ಮಹಿಮೆ ಇದೆಯೆಂದೂ ಅಲ್ಲ. ಒಬ್ಬರೇ ಕೂತವರ ಎಂಟು ಅದನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಶಿಕ್ಷಕರ ಮುಖ, ಸುತ್ತ ಕೂತ ಜನ, ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುವ ಧೈರ್ಯ, ಇಷ್ಟೇ. ಯಾವ ಊರಿನಲ್ಲೂ ಮಾಡಬಹುದಾದದ್ದು.

ಒಕ್ಕೂಟದ ಪರಿಶೀಲನಾ ಸಮಿತಿಯ ಅಧ್ಯಕ್ಷರು ಡಾ. ಪದ್ಮರಾಜಯ್ಯ. ನನ್ನ ವರದಿಯನ್ನು ಅವರು ಪೂರ್ತಿ ಓದಿದ್ದರು. ಅದು ಅವರ ದೊಡ್ಡತನ. ಆದರೂ ಒಪ್ಪಲಿಲ್ಲ. "ಅಂಕಿಗಳು ಇರಲಿ ಮೇಡಂ. ನಿಯಮದಲ್ಲಿ ಮೌಖಿಕ ಪರೀಕ್ಷೆ ಇದೆ. ಹನ್ನೆರಡು ಗಂಟೆಗೆ ಎಲ್ಲ ಊರಿಗೂ ಹೇಗೋ ನಿಮಗೂ ಹಾಗೆ. ಎರಡು ಸಲ ಫೇಲಾದವರೊಬ್ಬರನ್ನು ನಾವೇ ಆರಿಸ್ತೀವಿ. ಅವರು ಉತ್ತರ ಕೊಡಲಿ, ವಿಭಾಗದ ವಿಷಯ ಆಮೇಲೆ ನೋಡೋಣ." ಪಟ್ಟಿಯ ಮೇಲೆ ಬೆರಳಾಡಿಸಿ ಅವರು ನಿಲ್ಲಿಸಿದ ಹೆಸರು ಜೈತುನಬಿ.

ಪರೀಕ್ಷೆಯ ದಿನ ನಾನು ರಾಜಧಾನಿಯಲ್ಲಿ, ಸಮಿತಿಯ ಕೋಣೆಯಲ್ಲಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಫ್ಯಾನಿನ ಸದ್ದು, ರಸ್ತೆಯ ಹಾರ್ನು ಕಿವಿಗೆ ಬೀಳುತ್ತಿದ್ದದ್ದು ನನಗೆ ಇರುಸುಮುರುಸು. ನಾನು ಸಂಬಂಧಪಟ್ಟವಳು, ಬಾಯಿ ತೆರೆಯಕೂಡದು ಎಂದು ಮೊದಲೇ ಹೇಳಿ ಮೂಲೆಯಲ್ಲಿ ಕೂರಿಸಿದ್ದರು. ದೊಡ್ಡ ಪರದೆಯಲ್ಲಿ ಜೈತುನಬಿ ಬಂದರು. ಇಸ್ತ್ರಿ ಮಾಡಿದ ಹಸಿರು ಸೀರೆ, ಹಿಂದೆ ಅದೇ ಕಪ್ಪು ಮೇಜು.

ಪದ್ಮರಾಜಯ್ಯನವರು ಪ್ರಶ್ನೆ ಕೇಳಿದರು. ಮುದುಕನೊಬ್ಬ ಆಸ್ಪತ್ರೆಗೆ ಬರುತ್ತಾನೆ, ಕೈಯಲ್ಲಿ ಕಾರ್ಡಿಲ್ಲ, ಹಳೆಯ ದಾಖಲೆಗಳಲ್ಲಿ ಅವನ ಹೆಸರು ಎರಡು ಬಗೆಯಾಗಿ ಬರೆದಿದೆ. ನಿಮ್ಮ ವ್ಯವಸ್ಥೆ ಅವನನ್ನು ಹೇಗೆ ಹುಡುಕುತ್ತದೆ? ಜೈತುನಬಿ ಅವರ ತುಟಿ ನೋಡಿ ತಲೆಯಾಡಿಸಿದರು, ಉತ್ತರ ಹೇಳತೊಡಗಿದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಬಾಗಿಲ ಬಳಿ ಕೂತಿದ್ದ ರಘೋತ್ತಮ ರಾವ್ ಎದ್ದು ನಿಂತರು. "ಅಧ್ಯಕ್ಷರೇ, ಅಪ್ಪಣೆ ಆದ್ರೆ ನಾನು ಓದ್ತೀನಿ."

"ಏನನ್ನ ಓದ್ತೀರಿ?"

"ಅವರ ತುಟಿಯನ್ನ."

ಅಪ್ಪಣೆಗೆ ಕಾಯದೆ ಅವರು ಪರದೆಯ ಮುಂದೆ ಬಂದು, ಮೊದಲಿಂದ ಹೇಳುವಂತೆ ಜೈತುನಬಿಗೆ ಸನ್ನೆ ಮಾಡಿ ಶುರುಮಾಡಿಯೇಬಿಟ್ಟರು. ಜೈತುನಬಿಯವರ ಮಾತು ನಮ್ಮೂರಿನ ಧಾಟಿಯಲ್ಲೇ ಅವರ ಬಾಯಿಂದ ಬಂತು. "ಮೊದ್ಲ ನಾನು ಕಂಪ್ಯೂಟರ್ ಮುಟ್ಲಿಲ್ರಿ. ನಾಕು ದಿನ ದಾಖಲಿ ಕೋಣಿ ಹೊರಗ ಕುಂತು ಬಂದವರನ್ನ ಕೇಳ್ದೆ, ನಿಮಗ ಏನ್ ನೆನಪೈತಿ ಅಂತ. ನಂಬರ್ ಒಬ್ಬರಿಗೂ ನೆನಪಿರೂದಿಲ್ರಿ. ಯಾವ ಡಾಕ್ಟರು ನೋಡಿದ್ರು, ಆಗ ಮಳಿಗಾಲ ಇತ್ತೋ ಬ್ಯಾಸಗಿ ಇತ್ತೋ, ಜೋಡಿ ಯಾರು ಬಂದಿದ್ರು, ಇದು ಎಲ್ಲಾರಿಗೂ ನೆನಪಿರ್ತೈತಿ. ಅದಕ್ಕ ನನ್ನ ವ್ಯವಸ್ಥಿ ಹೆಸರಿಂದ ಶುರು ಆಗೂದಿಲ್ರಿ, ನೆನಪಿಂದ ಶುರು ಆಗ್ತೈತಿ. ಹೆಸರು ಎರಡು ಥರ ಇದ್ರ ಎರಡೂ ಇಟ್ಕೋತೀವಿ. ಹಳೇದನ್ನ ಅಳಸೂದಿಲ್ಲ."

ಪದ್ಮರಾಜಯ್ಯನವರು ಪೆನ್ನು ಕೆಳಗಿಟ್ಟರು. "ಉತ್ತರ ಚೆನ್ನಾಗಿದೆ. ಆದರೆ ಪ್ರೊಫೆಸರೇ, ಇದು ಆಕೆಯದೋ ನಿಮ್ಮದೋ?"

ರಘೋತ್ತಮ ರಾವ್ ಕೆಂಪಾದರು. ಅಧ್ಯಕ್ಷರು ಅವರಿಗೆ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ, ಒಂದು ಹಾಳೆಯಲ್ಲಿ ಏನೋ ಬರೆದು ಕ್ಯಾಮೆರಾಕ್ಕೆ ಮಾತ್ರ ಹಿಡಿದರು. ನನಗೂ ಕಾಣಲಿಲ್ಲ. ಜೈತುನಬಿ ಅದನ್ನು ಓದಿ ಸ್ವಲ್ಪ ಹೊತ್ತು ಮೇಜಿನ ಕಡೆ ನೋಡಿದರು. ಹಾಳೆಯನ್ನು ಮಗುಚಿಟ್ಟು ಅಧ್ಯಕ್ಷರು, "ಈಗ ತಿರುಗಿ, ಓದಿ," ಎಂದರು.

ರಘೋತ್ತಮ ರಾವ್ ಪರದೆಗೆ ಕಣ್ಣಿಟ್ಟು ನಿಧಾನವಾಗಿ ಹೇಳಿದರು, "ಆರು ವರ್ಷದ ಹಿಂದ ಒಬ್ಬ ಅಜ್ಜಿ ದಾಖಲಿ ಸಿಗಲಿಲ್ರಿ. ಹುಡುಕಿ ಹುಡುಕಿ ಸಾಕಾತು. ಅಕೀಗೆ ಒಗ್ಗದಿರೂ ಔಷಧ ಕೊಟ್ಟಬಿಟ್ರು. ಅಜ್ಜಿ ಉಳದ್ಲು. ಆದ್ರ ಮರುದಿನ ಕಪಾಟಿನ ಹಿಂದ ಅಕೀ ಕಾಗದ ನನ್ನ ಕೈಗೇ ಸಿಕ್ತು. ಅವತ್ತ ಠರಾಯಿಸ್ದೆ, ಇದನ್ನ ಕಲಿಯೂದ ಅಂತ. ವಯಸ್ಸು ಆಗ ನೆನಪಿಗೆ ಬರ್ಲಿಲ್ರಿ."

ಪದ್ಮರಾಜಯ್ಯನವರು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಈ ವಯಸ್ಸಿನಲ್ಲಿ ಏಕೆ ಓದುತ್ತಿದ್ದೀರಿ?" ಎಂದು ಬರೆದಿತ್ತು.

ಅಧ್ಯಕ್ಷರು ಎದ್ದು ಪರದೆಯ ಹತ್ತಿರ ಹೋದರು. ಬಾಯಿಯನ್ನು ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ, "ಧನ್ಯವಾದ ತಾಯಿ" ಎಂದರು. ಜೈತುನಬಿ ಸೆರಗಿನಿಂದ ಮುಖ ಒರೆಸಿಕೊಂಡರು.

ಹತ್ತು ದಿನ ಬಿಟ್ಟು, ಎಲ್ಲರೂ ಬರೆದಿದ್ದ ವರ್ಷದ ಪರೀಕ್ಷೆಯ ಫಲಿತಾಂಶ, ಸಮಿತಿಯ ತೀರ್ಮಾನ ಒಟ್ಟಿಗೆ ಬಂದವು. ನಾನು ಊರಿಗೆ ಮರಳಿದ್ದೆ. ಅಂಚೆಯವನು ಲಕೋಟೆ ತಂದಾಗ ಹನ್ನೆರಡೂ ಕಾಲು. ವಿಭಾಗದ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಾನು ಕಟ್ಟೆಯ ಮೇಲೆ ನಿಂತು, ಮುಖ ಬಿಸಿಲಿಗೆ ಹಿಡಿದು, ಎಲ್ಲರಿಗೂ ಕಾಣುವಂತೆ ಓದಿದೆ. ಎಂಬತ್ತನಾಲ್ಕರಲ್ಲಿ ಎಪ್ಪತ್ತೊಂಬತ್ತು ಜನ ಪಾಸು. ಜೈತುನಬಿ ಮೊದಲ ದರ್ಜೆ. ವಿಭಾಗ ಉಳಿಯುತ್ತದೆ. ಕೂಗಿ ಹಾಜರಿ ಹಾಕುವ ನಿಯಮ ಏಳೂ ವಿಶ್ವವಿದ್ಯಾಲಯಗಳಲ್ಲಿ ರದ್ದು. ಬರುವ ವರ್ಷದಿಂದ ಶಿಕ್ಷಕರು ಮುಖ ತೋರಿಸಿ ಪಾಠ ಮಾಡಬೇಕು, ಏಳೂ ಊರಿನ ವಿದ್ಯಾರ್ಥಿಗಳು ಗುಂಪಾಗಿ ಕೂತು ಬರೆದು ಕಲಿಯಬೇಕು. ಮೊದಲ ತಿಂಗಳು ಅದನ್ನು ಉಳಿದವರಿಗೆ ಹೇಳಿಕೊಡುವವರು ನಮ್ಮ ಮೇಜಿನ ಹನ್ನೊಂದು ಜನ.

ಅಂಗಳ ಹುಚ್ಚೆದ್ದು ಕುಣಿಯಿತು. ಈರಪಾಕ್ಷಿ ಎಲ್ಲಿಂದಲೋ ಬಾರಿಸುವ ಹಲಗೆ ತಂದು ಕೊರಳಿಗೆ ಹಾಕಿಕೊಂಡ. ನಾನು ಅವನ ತೋಳು ಹಿಡಿದು ತುಟಿಯಲ್ಲಿ ಹೇಳಿದೆ, "ಮೂರು ಗಂಟಿ ಆಗ್ಲಿ ತಡಿಯೋ, ಈಗ ಕೇಳೂದಿಲ್ಲ."

ಅವನಿಗಿಂತ ಮುಂಚೆ ಜೈತುನಬಿ ಉತ್ತರ ಕೊಟ್ಟರು. "ಮೂರರ ತನಕ ಯಾರ್ ಕಾಯ್ತಾರ್ರಿ ಮೇಡಂ!"

ಮೆರವಣಿಗೆ ಪೇಟೆಗೆ ಇಳಿಯಿತು. ಈರಪಾಕ್ಷಿಯ ಕಡ್ಡಿಗಳು ಮೇಲೇಳುತ್ತಿದ್ದವು, ಬೀಳುತ್ತಿದ್ದವು. ಎಲ್ಲರೂ ಅವನ ಕೈ ನೋಡುತ್ತ ಹೆಜ್ಜೆ ಹಾಕಿದರು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು, ಏನು ಎಂದು ಹುಬ್ಬಿನಲ್ಲೇ ಕೇಳಿದರು, ತಿಳಿದವರು ಕುಣಿಯುವವರ ಜೊತೆ ಸೇರಿಕೊಂಡರು. ದರ್ಜಿ ಮಾವ ಅಂಗಡಿಯ ಮೆಟ್ಟಿಲಿನಿಂದ ಹೆಂಡತಿಯನ್ನು ನೋಡಿ ಎರಡೂ ಕೈ ಎತ್ತಿ ಚಪ್ಪಾಳೆ ಬಡಿಯುತ್ತಿದ್ದರು. ಜೈತುನಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೈ ಎಳೆದರು. ನಾನು ಅಧ್ಯಾಪಕಿ ಎಂಬುದನ್ನು ಮರೆತು ಚಪ್ಪಲಿ ಕಳಚಿ ಕುಣಿದೆ. ಏನೂ ಕೇಳುತ್ತಿರಲಿಲ್ಲ, ಆದರೆ ಹಲಗೆಯ ಒಂದೊಂದು ಪೆಟ್ಟೂ ನನ್ನ ಅಂಗಾಲಿನಿಂದ ಎದೆಯವರೆಗೆ ಏರಿ ಬರುತ್ತಿತ್ತು.